ಮಂಜಿನ ಹೊಲಕ್ಕೆ ಚರಗ

ರಾಯಚೂರಿನಲ್ಲಿ ಚಳಿಯೇ ಬೀಳುವುದಿಲ್ಲ ಎನ್ನುವವರು ನನ್ನ ಮುಂದೆ ಬಂದು ನಿಲ್ಲಲಿ. ಅವರು ಬೇಸಿಗೆಯಲ್ಲಿ ಒಮ್ಮೆ ಬಂದು, ಸ್ಟೇಷನ್ನಿನ ನಲ್ಲಿಗೆ ಬಾಯಿ ಹಚ್ಚಿ, ಮುಂದಿನ ಗಾಡಿಗೇ ಓಡಿಹೋದವರು. ಯುದ್ಧ ನಡೆಯುತ್ತಿದ್ದ ಕಾಲ, ನಲವತ್ತಮೂರನೆಯ ಇಸವಿಯ ಚಳಿಗಾಲ. ಆ ವರ್ಷ ನಮ್ಮ ಓಣಿಗೆ ಇಳಿದ ಮಂಜು ಎಂಥದ್ದೆಂದರೆ ಹೆಂಗಸರು ಹಗ್ಗ ಕಟ್ಟದೆ ಅದರ ಮೇಲೇ ಸೀರೆ ಹರವುತ್ತಿದ್ದರು. ಆಮ್ ತಲಾಬ್ ಕೆರೆಯ ದಂಡೆಗೆ ಎಮ್ಮೆ ಹೊಡೆದುಕೊಂಡು ಹೋದವರು ಮಂಜಿಗೇ ಗೂಟ ಬಡಿದು ಕಟ್ಟಿ, ಹೊತ್ತೇರಿದಾಗ ಗೂಟ ಸಡಿಲಾಗಿ ಎಮ್ಮೆಗಳು ತಾವೇ ಮನೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಮಂಜಿನಲ್ಲಿ ಹೇಗೆ ಕಂಡಿ ಎಂದು ಕೇಳಬೇಡಿ. ಅಯ್ಯಪ್ಪನ ಕಣ್ಣೇ ಬೇರೆ.

ಅಯ್ಯಪ್ಪ ಎಂದರೆ ನಾನು. ಕೋಟೆಯ ಖಂದಕದ ಮಗ್ಗುಲಿನ ಓಣಿಯಲ್ಲಿ ಮನೆ. ಕಲ್ಲು ಒಡೆಯುವುದು ಕಸುಬು, ಪತಂಗ, ಅಂದರೆ ಗಾಳಿಪಟ, ಹಾರಿಸುವುದು ಹುಟ್ಟುಗುಣ. ಕೋಟೆಯ ಗೋಡೆಯಲ್ಲಿ ಆನೆಗಿಂತ ಉದ್ದದ ಒಂದು ಕಲ್ಲಿದೆಯಲ್ಲ, ಅದನ್ನು ಎಳೆದು ತಂದ ಎತ್ತುಗಳ ಹಿಂದೆ ಬಾರುಕೋಲು ಹಿಡಿದವನು ನಮ್ಮ ಮುತ್ತಜ್ಜನ ಮುತ್ತಜ್ಜ. ಎತ್ತುಗಳು ಸುಮ್ಮನೆ ನೋಡಲಿಕ್ಕೆ ಇದ್ದವು, ಎಳೆದವನು ಅವನೇ.

ನನ್ನ ಮನೆಗೆ ಗೋಡೆ ಹಚ್ಚಿ ಮೌನಪ್ಪನ ಮನೆ. ಅವನ ಕೆಲಸ ರೈಲ್ವೆ ಸ್ಟೇಷನ್ನಿನಲ್ಲಿ. ಯುದ್ಧದ ಕಾಲವೆಂದು ಅಲ್ಲಿಯ ದೀಪಗಳಿಗೆಲ್ಲ ಕಪ್ಪು ಬಳಿದಿದ್ದರು. ಕತ್ತಲಲ್ಲಿ ಬಂದ ಪ್ರಯಾಣಿಕರಿಗೆ ಹಲಗೆಯ ಮೇಲಿನ ಊರ ಹೆಸರು ಕಾಣುತ್ತಿರಲಿಲ್ಲ. ಆದ್ದರಿಂದ ಗಾಡಿ ಸಿಳ್ಳು ಹಾಕಿ ಒಳಗೆ ಬಂದೊಡನೆ ಅದರ ಉದ್ದಕ್ಕೂ ನಡೆಯುತ್ತ ಊರ ಹೆಸರು ಕೂಗುವುದಕ್ಕೆ ಮೌನಪ್ಪನನ್ನು ಇಟ್ಟಿದ್ದರು. ಏನು ಗಂಟಲು! "ರಾಯ್…ಚೂ…ರ್" ಎಂದು ಅವನು ಎಳೆದರೆ ಕೃಷ್ಣೆಯ ಸೇತುವೆ ನಡುಗುತ್ತಿತ್ತು. ಆ ದನಿಗೆ ಮರುಳಾಗಿ, ಗುಂತಕಲ್ಲಿನಲ್ಲಿ ಇಳಿಯಬೇಕಾದವರು ಇಲ್ಲೇ ಇಳಿದು ಸಂಸಾರ ಹೂಡಿಬಿಟ್ಟರು. ಈಗಿನ ರಾಯಚೂರಿನ ಅರ್ಧ ಜನ ಹಾಗೆ ಇಳಿದವರೇ.

ಆದರೆ ಮನೆಗೆ ಬಂದನೆಂದರೆ ಗಂಟಲನ್ನು ಸ್ಟೇಷನ್ನಿನ ಗೂಟಕ್ಕೆ ತೂಗುಹಾಕಿ ಬಂದವನ ಹಾಗೆ. ಏನು ಕೇಳಿದರೂ "ಹೂಂ." ತಾನು ಕೂಗುವ ಕೆಲಸದವನು ಎಂದು ಹೊಸ ಹೆಂಡತಿಗೆ ಹೇಳಲೂ ಅವನಿಗೆ ನಾಚಿಕೆ. "ಟೇಸನ್ನಾಗ ಕೆಲ್ಸ" ಎಂದಿದ್ದ, ಅಷ್ಟೇ.

ಆ ಹೊಸ ಹೆಂಡತಿ ಯಮನಮ್ಮ, ಮಾನ್ವಿ ತಾಲೂಕಿನ ಕಲ್ಲೂರಿನ ಹುಡುಗಿ. ಮಳೆಗಾಲ ಮುಗಿದ ಮೇಲೆ ಬಂದಿದ್ದಳು. ದಿನದಿನಕ್ಕೆ ಸೊರಗುತ್ತಿದ್ದಳು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಮಾತಾಡಿಸಿದೆ.

"ಯಾಕವ್ವಾ ತಂಗಿ, ಉಂಡ್ಯೋ ಇಲ್ಲೋ?"

"ಉಂಡೆ ಅಣ್ಣ."

"ಮುಖ ನೋಡಿದ್ರ ಉಂಡಂಗ ಕಾಣಂಗಿಲ್ಲ."

"ಒಬ್ಬಾಕಿ ಕುಂತು ಉಂಡ್ರ ಹೊಟ್ಟಿಗೆ ಹತ್ತತದೇನಣ್ಣ? ಉಪ್ಪು ಜಾಸ್ತಿ ಆಗ್ಯದೇನ್ರೀ ಅಂದ್ರ ಹೂಂ. ಕಮ್ಮಿ ಆಗ್ಯದೇನ್ರೀ ಅಂದ್ರೂ ಹೂಂ. ನಮ್ಮೂರಾಗ ಹೊಲದ ಈ ಬದುವಿಗೆ ನಿಂತು ಕೂಗಿದ್ರ ಆ ಬದುವಿನಿಂದ ಓ ಅಂತಿದ್ರು. ಇಲ್ಲಿ ಮಗ್ಗಲ್ದಾಗ ಕುಂತು ಕರದ್ರೂ ಓ ಅನ್ನೋರಿಲ್ಲ."

ನಾನು ಏನೋ ಹೇಳಲು ಹೋದೆ. ಅವಳೇ ಮುಂದುವರಿಸಿದಳು.

"ಒಂದೇ ಒಂದು ಚೊಲೋ ಅದ ನೋಡಣ್ಣ ನಿಮ್ಮೂರಾಗ. ನಸುಕಿನ್ಯಾಗ ದೂರದಿಂದ ಒಂದು ದನಿ ಬರ್ತದ. ಏನಂತದೋ ತಿಳಿಯಂಗಿಲ್ಲ. ಯಾರನ್ನೋ ಮನಿಗೆ ಕರದಂಗ. ಅರೆನಿದ್ದಿಯೊಳಗ ಅದನ್ನ ಕೇಳಿದ್ರ, ನಾನು ನಮ್ಮ ಹೊಲದಾಗ, ಜ್ವಾಳದ ನಡುವ ಮಲಗೀನೇನೋ ಅನಿಸ್ತದ. ಯಾರ್ದಣ್ಣ ಅದು?"

ಮದ್ರಾಸ್ ಮೇಲ್ ಬರುವ ಹೊತ್ತಿನ ಮೌನಪ್ಪನ ಕೂಗು ಅದು. ಸತ್ಯ ನಾಲಗೆಯ ಮೇಲೆ ಹೊರಟಿತ್ತು. ಆದರೆ ನನ್ನ ನಾಲಗೆ ಬಹಳ ಉದ್ದ. ಸತ್ಯ ತುದಿಗೆ ಮುಟ್ಟುವಷ್ಟರಲ್ಲಿ ಬೇರೆ ಮಾತೊಂದು ಹಾರಿಹೋಯಿತು.

"ನಂದೇ ಅಲ್ಲೇನವ್ವ!" ಎಂದೆ. "ನಸುಕಿನ್ಯಾಗ ಎದ್ದು ಗಂಟಲಾ ಸಾಪ್ ಮಾಡ್ಕೊಂತೀನಿ."

ಅವಳು ನನ್ನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ನನಗೂ ಆ ದನಿ ನನ್ನದೇ ಇರಬಹುದು ಎನಿಸಿತು.

ಆ ವಾರವೇ ಅವಳ ಅಣ್ಣ ಯಂಕೋಬ ಹತ್ತಿಯ ಗಾಡಿ ಹೊಡೆದುಕೊಂಡು ರಾಯಚೂರಿಗೆ ಬಂದ. ತಂಗಿಯ ತೋಳಿನಲ್ಲಿ ಬಳೆಗಳು ಜಾರಿ ಮೊಳಕೈ ತನಕ ಹೋಗುವುದನ್ನು ನೋಡಿದ. ಜಗಲಿಯ ಮೇಲೆ ಕೂತು ಮೌನಪ್ಪನಿಗೆ ನೇರವಾಗಿಯೇ ಹೇಳಿದ:

"ನೋಡಪ್ಪಾ ಮೌನಪ್ಪ, ನಾ ಜಗಳಕ್ಕ ಬಂದಾಂವಲ್ಲ. ಎಳ್ಳಮಾಸಿಗೆ ಗಾಡಿ ತರ್ತೀನಿ. ಅಷ್ಟರಾಗ ಆಕಿ ಮನಸ್ಸು ಈ ಊರಿಗೆ ಹತ್ತಿದ್ರ ಇರ್ಲಿ. ಹತ್ತಲಿಲ್ಲಂದ್ರ ಕರ್ಕೊಂಡು ಹೋಗ್ತೀನಿ, ಮತ್ತ ಕಳಸಂಗಿಲ್ಲ. ಆತಿಲ್ಲ?"

"ಹೂಂ" ಎಂದ ಮೌನಪ್ಪ.

ಯಂಕೋಬ ಹೋದ ಮೇಲೆ ಮೌನಪ್ಪ ನನ್ನ ಅಂಗಳಕ್ಕೆ ಬಂದು, ಒಡೆದ ಕಲ್ಲುಗಳ ಮೇಲೆ ಕೂತ. ಕೊನೆಗೆ ಇಡೀ ಒಂದು ಮಾತು ಆಡಿದ.

"ಆಕಿ ಹೋದ್ರ ನಾ ಉಳಿಯಂಗಿಲ್ಲೋ ಅಯ್ಯಪ್ಪ."

"ಅದನ್ನ ನನಗ್ಯಾಕ ಹೇಳ್ತಿ ಮಾರಾಯ? ಆಕೀಗೆ ಹೇಳು."

"ಆಕಿ ಮುಂದ ಬಾಯಿ ಬರಂಗಿಲ್ಲ."

"ಹಂಗಾರ ಬಿಡು, ನನಗ ಬಿಡು. ಈ ಊರಿನ ಚಳಿಗಾಲ ಹೆಂಗ ತೋರಿಸ್ತೀನಂದ್ರ, ಕಲ್ಲೂರೇ ಎದ್ದು ಗಾಡಿ ಕಟ್ಕೊಂಡು ಇಲ್ಲಿಗೆ ಬರಬೇಕು!"

ಅಂದಿನಿಂದ ಶುರುವಾಯಿತು ನಮ್ಮ ತಿರುಗಾಟ. ಮೌನಪ್ಪ ಕೆಲಸದಿಂದ ಬಂದು ಉಂಡೊಡನೆ ಮೂವರೂ ಹೊರಡುತ್ತಿದ್ದೆವು. ಚಳಿಗಾಲದ ಆ ಬಿಸಿಲನ್ನು ನೀವು ನೋಡಿಲ್ಲ. ಕಾಯಿಸಿದ ಬೆಣ್ಣೆಯ ಬಣ್ಣ, ಮೈಮೇಲೆ ಬಿದ್ದರೆ ಭಾರವೇ ಇಲ್ಲ. ಆಮ್ ತಲಾಬಿನ ದಂಡೆಯಲ್ಲಿ ಬೆಳ್ಳಕ್ಕಿಗಳು ಒಂಟಿಗಾಲಲ್ಲಿ ನಿಂತು ತಮ್ಮ ನೆರಳಿನೊಳಗೆ ನಿದ್ದೆ ಮಾಡುತ್ತಿದ್ದವು. ಹುರಿದ ಶೇಂಗಾ ತಿನ್ನುತ್ತ ಕೆರೆಯ ಸುತ್ತ ನಡೆದರೆ, ಗಂಟೆ ಹೋದದ್ದು ತಿಳಿಯದು, ದಿನ ಹೋದದ್ದು ತಿಳಿಯದು. ಒಮ್ಮೆ ನಾವು ಒಂದು ಸುತ್ತು ಹಾಕಿ ಮನೆಗೆ ಬಂದಾಗ ಓಣಿಯ ಕೂಸುಗಳಿಗೆಲ್ಲ ಮೀಸೆ ಮೂಡಿದ್ದವು.

"ಹೆಂಗದ ತಂಗಿ ನಮ್ಮ ಕೆರಿ? ಇದರ ತಳಾ ಮುಟ್ಟಿದಾಂವ ನಾ ಒಬ್ಬನ."

"ಚೊಲೋ ಅದ ಅಣ್ಣ" ಎನ್ನುತ್ತಿದ್ದಳು. ಗಂಡನ ಕಡೆ ತಿರುಗಿ, "ಎಷ್ಟು ಬೆಳ್ಳಕ್ಕಿ ಅದಾವ ಅಲ್ಲೇನ್ರೀ?" ಎನ್ನುತ್ತಿದ್ದಳು. ಮೌನಪ್ಪ "ಹೂಂ" ಎನ್ನುತ್ತಿದ್ದ. ಅವಳ ಕಣ್ಣು ಮತ್ತೆ ಪಡುವಣದ ಕಡೆ, ಕಲ್ಲೂರಿನ ದಾರಿಯ ಕಡೆ ಹೋಗಿಬಿಡುತ್ತಿತ್ತು.

ಪತಂಗದ ಹೊರತು ದಾರಿಯಿಲ್ಲ ಎಂದುಕೊಂಡು ತೀನ್ ಕಂದೀಲ್ ಚೌಕದ ಹತ್ತಿರ ಪತಂಗ ಮಾಡುವ ಮಹಬೂಬೀಯ ಮನೆಗೆ ಹೋದೆ. ಹಿರೇಕೊಟ್ನೆಕಲ್ ಎಂಬ ಹಳ್ಳಿಯಿಂದ ಮದುವೆಯಾಗಿ ಬಂದವಳು, ಬಾಯಿ ಗಾಜು ಸವರಿದ ಮಾಂಜಾ ದಾರಕ್ಕಿಂತ ಹರಿತ.

"ಬಾರಪ್ಪಾ ಅಯ್ಯಪ್ಪ. ಹ್ವಾದ ವರ್ಷ ಒಯ್ದ ಪತಂಗ ಸೂರ್ಯನ ಮನಿ ಜಂತಿಗೆ ಸಿಕ್ಕೊಂಡದ ಅಂದಿದ್ದಿ. ಬಿಡಿಸ್ಕೊಂಡು ಬಂದ್ಯೇನು?"

"ಸೂರ್ಯನ ಹೆಂಡ್ತಿ ಭಾಳ ಇಷ್ಟಪಟ್ಲು, ಬಿಟ್ಟು ಬಂದೆ."

"ಹಂಗಾರ ಈ ಸಲ ಜ್ವಾಕಿ. ಎರಡನೇದು ಕೊಟ್ರ ಸೂರ್ಯ ನಿನ್ನ ಬೆನ್ನು ಸುಟ್ಟಾನು" ಎಂದು ಬಿಳಿಯ ದೊಡ್ಡದೊಂದು ಪತಂಗ ಕೊಟ್ಟಳು.

ಕೋಟೆಯ ಹೊರಗಿನ ಮೈದಾನದಲ್ಲಿ ಅದನ್ನು ಬಿಟ್ಟೆವು. ಮೂಡಣ ಗಾಳಿ ಮೆಲ್ಲಗೆ ಬೀಸುತ್ತಿತ್ತು. ಪತಂಗ ಕೋಟೆಗಿಂತ ಮೇಲೆ, ಗುಡ್ಡಕ್ಕಿಂತ ಮೇಲೆ ಹೋಗಿ, ಪಡುವಣಕ್ಕೆ ತೇಲಿ, ಹಾಲಿನಲ್ಲಿ ಬಿದ್ದ ಅಕ್ಕಿಕಾಳಿನಂತೆ ಕಾಣದಾಯಿತು. ಕೈಯಲ್ಲಿ ದಾರವಷ್ಟೇ. ದಾರ ಎಲ್ಲಿಗೆ ಹೋಗುತ್ತದೆ ಎಂಬುದು ಬರೀ ಆಕಾಶಕ್ಕೆ ಗೊತ್ತು.

"ತಂಗಿ, ಈಗ ಅದು ಕಲ್ಲೂರಿನ ಮ್ಯಾಲದ" ಎಂದೆ. "ನಿಮ್ಮ ಮನಿ ಮಾಳಿಗಿ ಕಾಣಾಕತ್ತದ ಅದಕ್ಕ."

ಯಮನಮ್ಮ ನನ್ನ ಕೈಯಿಂದ ದಾರ ತೆಗೆದುಕೊಂಡಳು. ಅದನ್ನು ತುಟಿಯ ಹತ್ತಿರ ಹಿಡಿದು ಮೆಲ್ಲಗೆ ಕೇಳಿದಳು, "ನಮ್ಮವ್ವ ಏನ್ ಮಾಡಾಕತ್ಯಾಳ?" ದಾರ ಕೈಯಲ್ಲಿ ಒಮ್ಮೆ ಮಿಡುಕಿತು. "ರೊಟ್ಟಿ ಬಡ್ಯಾಕತ್ಯಾಳ" ಎಂದು ಅವಳೇ ಹೇಳಿಕೊಂಡು, ನಗುವಿನ ಹತ್ತಿರ ಬಂದಳು. ಬಂದು, ಅಲ್ಲಿಂದಲೇ ಹಿಂದಕ್ಕೆ ಹೋದಳು.

"ಎಳ್ಳಮಾಸಿ ಬಂತಣ್ಣ. ನಾ ಸಣ್ಣಾಕಿದ್ದಾಗಿಂದ ಪ್ರತಿ ವರ್ಷ ಚರಗಾ ಚೆಲ್ಲೀನಿ. ನಾ ಚೆಲ್ಲಾಕಿ, ನಮ್ಮಪ್ಪ ಓಗೊಡಾಂವ. ಇಲ್ಲೆ ಇದ್ರ ಯಾ ಹೊಲಕ್ಕ ಚೆಲ್ಲಲಿ? ಯಾರು ಓಗೊಡ್ತಾರ?"

ಚರಗ ಎಂದರೆ ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲದ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ಬಸುರಿಯ ಹಾಗೆ. ಅದರ ಬಯಕೆ ತೀರಿಸಲು ಕಡುಬು, ಪುಂಡಿಪಲ್ಯ, ಅನ್ನ ಕಲಸಿ ಒಯ್ದು ಬೆಳೆಯ ಮೇಲೆ ಚೆಲ್ಲುತ್ತಾರೆ. ಮುಂದಿನವರು ಚೆಲ್ಲುತ್ತ "ಹುಲಿಗ್ಯೋ" ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ "ಸಲಾಂಬ್ರಿಗ್ಯೋ" ಎಂದು ಓಗೊಡಬೇಕು. ಓಗೊಡುವವರಿಲ್ಲದೆ ಚೆಲ್ಲಿದ್ದನ್ನು ಹೊಲ ಉಣ್ಣುವುದಿಲ್ಲ. ಮೌನಪ್ಪನಿಗೆ ಹೊಲ ಇರಲಿಲ್ಲ; ಅವನ ಅಪ್ಪನೂ ರೈಲಿನ ಹಳಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದವನು.

"ಹೊಲ ಬೇಕಾ?" ಎಂದೆ ನಾನು. "ಕೋಟಿ ಗುಡ್ಡದ ಮ್ಯಾಲೆ ನಿಂತ್ರ ಸುತ್ತ ಎಲ್ಲಾ ಹೊಲಾ ಕಾಣ್ತಾವ. ಒಂದು ಹೊಲಕ್ಕ ಯಾಕ, ಇಡೀ ಸೀಮಿಗೇ ಚೆಲ್ಲು! ಓಗೊಡಾಕ ನಾ ಇಲ್ಲೇನು? ನಸುಕಿನ ದನಿ ಯಾರ್ದಂತ ತಿಳ್ಕೊಂಡಿ?"

ಮೌನಪ್ಪ ತಲೆಯೆತ್ತಿ ನನ್ನನ್ನು ನೋಡಿದ. ನಾನು ದಾರ ಸುತ್ತುವುದರಲ್ಲಿ ಮಗ್ನನಾದೆ.

"ಬ್ಯಾಡಣ್ಣ" ಎಂದಳು ಯಮನಮ್ಮ. "ಮನಿ ಗಂಡಸೇ ಓಗೊಡಬೇಕು." ಗಂಡನ ಎದುರು ನಿಂತು, ಕೂಸಿಗೆ ಕಲಿಸುವಂತೆ ಕಲಿಸಿದಳು. "ಸಲಾಂಬ್ರಿಗ್ಯೋ. ಇಷ್ಟ ರೀ. ನಾ ಕೂಗಿದ ಮ್ಯಾಲ ನೀವಂದ್ರ ಸಾಕು. ಅಂತೀರೇನು?"

"ಹೂಂ."

ಅಮಾವಾಸ್ಯೆಯ ಹಿಂದಿನ ಸಂಜೆ ಯಂಕೋಬ ಗಾಡಿ ತಂದ. ತಂಗಿಯ ಸೀರೆಗಳ ಟ್ರಂಕು ಗಾಡಿಗೆ ಏರಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಲ್ಲೂರು ಮುಟ್ಟಿ ಅವನೂ ತನ್ನ ಹೊಲಕ್ಕೆ ಚರಗ ಚೆಲ್ಲಬೇಕಿತ್ತು. "ಬೆಳಕು ಹರಿಯೂದ್ರಾಗ ನಿಮ್ಮ ಗುಡ್ಡದ ಆಟಾ ಮುಗಿಸ್ರಿ. ನಾ ಕೋಟಿ ದರ್ವಾಜದ ಹತ್ತಿರ ಎತ್ತು ಹೂಡ್ಕೊಂಡು ನಿಂತಿರ್ತೀನಿ" ಎಂದ.

ನಸುಕಿನಲ್ಲಿ ಗುಡ್ಡ ಹತ್ತಿದೆವು. ಅಂದು ಸ್ಟೇಷನ್ನಿನಲ್ಲಿ ಬೇರೆಯವನು ಕೂಗುವಂತೆ ಮೌನಪ್ಪ ಹೇಳಿ ಬಂದಿದ್ದ. ಮುಂದೆ ಯಮನಮ್ಮ, ತಲೆಯ ಮೇಲೆ ಅಡಿಗೆಯ ಬುಟ್ಟಿ. ಹಿಂದೆ ಮೌನಪ್ಪ, ಕೈಯಲ್ಲಿ ನೀರಿನ ತಂಬಿಗೆ. "ಸಲಾಂಬ್ರಿಗ್ಯೋ, ಸಲಾಂಬ್ರಿಗ್ಯೋ" ಎಂದು ತುಟಿಯೊಳಗೇ ಉರು ಹೊಡೆಯುತ್ತಿದ್ದ. ಎಲ್ಲರ ಹಿಂದೆ ನಾನು, ಗುಡ್ಡ ಜಾರದಂತೆ ಹಿಡಿದುಕೊಂಡು.

ತುದಿಗೆ ಹೋಗಿ ನೋಡಿದರೆ ಹೊಲವಿಲ್ಲ. ಊರೂ ಇಲ್ಲ. ಕೆರೆ, ಮಿನಾರು, ಓಣಿ, ಮೈದಾನ, ಒಂದೂ ಇಲ್ಲ. ಮಂಜು, ಬರೀ ಮಂಜು. ಗುಡ್ಡದ ಕಾಲಿನಿಂದ ಆಕಾಶದ ಅಂಚಿನವರೆಗೆ ಬಿಳಿಯ ಮಂಜು ತುಂಬಿ ನಿಂತಿತ್ತು. ನಾನು ತೋರಿಸುತ್ತೇನೆ ಎಂದಿದ್ದ ಹೊಲವನ್ನು ಯಾರೋ ರಾತ್ರೋರಾತ್ರಿ ಕಿತ್ತುಕೊಂಡು ಹೋದಂತಾಗಿತ್ತು.

ಯಮನಮ್ಮ ಬುಟ್ಟಿ ಇಳಿಸಿದಳು. ಮೂಡಣದಲ್ಲಿ ಬೆಳಕು ಒಡೆಯಿತು. ಆಗ ಮೆಲ್ಲಗೆ ಗಾಳಿ ಬಂತು. ಮಂಜು ಅಲುಗಿತು, ಒಂದು ಕಡೆಯಿಂದ ಬಾಗುತ್ತ ಬಂದು ಮತ್ತೆ ಎದ್ದು ನಿಂತಿತು. ತುದಿಗಳಿಗೆಲ್ಲ ಎಳೆಯ ಬಿಸಿಲು ಹತ್ತಿ ಹಾಲು ತುಂಬಿದ ತೆನೆಗಳ ಹಾಗೆ ಹೊಳೆದವು.

"ಯವ್ವಾ…" ಎಂದಳು ಅವಳು, ಉಸಿರಿನಲ್ಲಿ. "ಎಷ್ಟು ದೊಡ್ಡ ಹೊಲ."

ಸೆರಗು ಕಟ್ಟಿದಳು. ಬುಟ್ಟಿಯಿಂದ ಮುಷ್ಟಿ ತುಂಬಿಕೊಂಡು ಮಂಜಿನೊಳಕ್ಕೆ ಬೀಸಿ ಚೆಲ್ಲಿ ಕೂಗಿದಳು.

"ಹುಲಿಗ್ಯೋ…!"

ಮೌನಪ್ಪ ಬಾಯಿ ತೆರೆದ. ದನಿ ಬರಲಿಲ್ಲ. ಯಮನಮ್ಮ ತಿರುಗಿ ನೋಡದೆ ಕಾದಳು. ಅವಳು ಕಾಯುತ್ತಿರುವುದು ಅವಳ ಬೆನ್ನಿನಲ್ಲೇ ನನಗೆ ಕಾಣುತ್ತಿತ್ತು. ಎರಡನೆಯ ಮುಷ್ಟಿ ಚೆಲ್ಲಿದಳು. "ಹುಲಿಗ್ಯೋ…!" ಈ ಸಲ ಕೂಗಿನ ಕೊನೆ ಒಡೆದಿತ್ತು.

ನಾನೇ ಓಗೊಡಬಹುದಿತ್ತು. ಆದರೆ ನನ್ನ ದನಿಯ ಜೋರಿಗೆ ಕೋಟೆಯ ಗೋಡೆ ಬಿದ್ದರೆ ಕೆಳಗೆ ನಿಂತ ಯಂಕೋಬನ ಎತ್ತುಗಳ ಗತಿಯೇನು? ಆ ಒಂದೇ ಕಾರಣಕ್ಕೆ ಸುಮ್ಮನಿದ್ದೆ.

ಅಷ್ಟರಲ್ಲಿ ಮಂಜಿನ ತಳದಲ್ಲಿ ಎಲ್ಲೋ, ಅಂದು ತಡವಾಗಿ ಬಂದ ಮದ್ರಾಸ್ ಮೇಲ್ ಉದ್ದಕ್ಕೆ ಸಿಳ್ಳು ಹಾಕಿತು.

ಸಿಳ್ಳು ಕೇಳಿದ್ದೇ ಮೌನಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಎದೆ ಉಬ್ಬಿತು. ಕಲಿಸಿದ್ದು, ಉರು ಹೊಡೆದದ್ದು ಎಲ್ಲ ಹಾರಿಹೋಗಿ, ಅವನ ಗಂಟಲಿನಿಂದ ದಿನದಿನದ ಕೂಗು ಎದ್ದುಬಂತು.

"ರಾಯ್…ಚೂ…ರ್! ರಾಯ್…ಚೂ…ರ್!"

ಮಂಜು ಎರಡು ಸೀಳಾಯಿತು. ನನ್ನ ರುಮಾಲು ಹಾರಿ ಆಮ್ ತಲಾಬಿನಲ್ಲಿ ಬಿತ್ತು. ಗುಡ್ಡದ ಮೇಲಿನ ಹಳೆಯ ಫಿರಂಗಿ ತನಗೇ ಯಾರೋ ಬತ್ತಿ ಇಟ್ಟರೆಂದು ಬೆದರಿತು. ಮೌನಪ್ಪ ತಾನು ಮಾಡಿದ ತಪ್ಪು ತಿಳಿದು, ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡ.

ಯಮನಮ್ಮ ಗರಕ್ಕನೆ ತಿರುಗಿದಳು. ಗಂಡನನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಗಂಡನನ್ನು.

"ನಿಮ್ದಾ? ಆ ನಸುಕಿನ ದನಿ ನಿಮ್ದೇನ್ರೀ?"

ಮೌನಪ್ಪ ಬಾಯಿಂದ ಕೈ ತೆಗೆಯದೆ ಹೌದೆಂದು ತಲೆಯಾಡಿಸಿದ.

"ಜ್ವಾಳದ ಹೊಲಕ್ಕ ಟೇಸನ್ನಿನ ಹೆಸರು ಕೂಗ್ತೀರಲ್ರೀ! ತೆನಿಗಳು ಇಳದು ಮನಿಗೆ ಹೋಗಬೇಕೇನು?" ಎಂದವಳಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತು ನಕ್ಕಳು. ಕಣ್ಣೊರೆಸಿಕೊಂಡು ಎದ್ದು, ಮುಷ್ಟಿ ತುಂಬಿ ಚೆಲ್ಲಿ, ಗಂಟಲೆಲ್ಲ ತೆರೆದು ಕೂಗಿದಳು.

"ಹುಲಿಗ್ಯೋ…!"

"ರಾಯ್…ಚೂ…ರ್!" ಎಂದ ಮೌನಪ್ಪ, ಈ ಸಲ ಬೇಕೆಂದೇ.

ಆಗ ಆದದ್ದನ್ನು ನಾನು ಒಂದಿಷ್ಟೂ ಹೆಚ್ಚಿಸಿ ಹೇಳುವುದಿಲ್ಲ. ಮಂಜಿನ ಒಳಗಿನಿಂದ, ಕಾಣದ ಯಾವುದೋ ಮಾಳಿಗೆಯಿಂದ, ಹೆಂಗಸಿನ ದನಿಯೊಂದು ಬಂತು: "ಸಲಾಂಬ್ರಿಗ್ಯೋ!" ಮಹಬೂಬೀ! ಹಿರೇಕೊಟ್ನೆಕಲ್ಲಿನ ಹುಡುಗಿ ಹೊಲದ ಕೂಗು ಮರೆಯುತ್ತಾಳೆಯೆ? ಅದರ ಹಿಂದೆ ಗಂಡಸಿನ ದನಿ. ಕೆರೆಯ ಕಡೆಯಿಂದ ಇನ್ನೊಂದು. ದೇವದುರ್ಗದಿಂದ ಕಟ್ಟಿಗೆ ತಂದ ಗಾಡಿಯವರು, ಮಾನ್ವಿಯಿಂದ ಕೂಲಿಗೆ ಬಂದವರು, ಗಿಲ್ಲೆಸುಗೂರಿನ ಮೊಸರಿನವರು, ಹೊಲ ಬಿಟ್ಟು ಈ ಊರಿಗೆ ಬಂದವರು ಎಷ್ಟು ಜನವೋ ಅಷ್ಟೂ ಜನ. ಮುಖವಿಲ್ಲ, ಮೈಯಿಲ್ಲ, ದನಿ ಮಾತ್ರ. ಮಂಜಿನ ಹೊಲದ ತುಂಬ "ಸಲಾಂಬ್ರಿಗ್ಯೋ… ಸಲಾಂಬ್ರಿಗ್ಯೋ…" ತೆನೆಗಳೇ ಓಗೊಟ್ಟ ಹಾಗೆ. ಇಪ್ಪತ್ತು ಸಾವಿರ ಜನ ಎಂದರೆ ಕಡಿಮೆ ಹೇಳಿದಂತೆ. ಯಮನಮ್ಮ ಚೆಲ್ಲುತ್ತ ಹೋದಳು, ಅವಳ ಹಿಂದೆ ನೀರು ಚಿಮುಕಿಸುತ್ತ ಮೌನಪ್ಪ ನಡೆದ.

ಕೆಳಗೆ ಇಳಿದಾಗ ಯಂಕೋಬ ಗಾಡಿಗೆ ಒರಗಿ ನಿಂತಿದ್ದ.

"ಕೇಳಿಸ್ತು" ಎಂದ. "ನಕ್ಕಿದ್ದೂ ಕೇಳಿಸ್ತು. ಈಗ ನೀನ ಹೇಳವ್ವಾ. ಗಾಡಿ ಹತ್ತತೀಯೋ, ಇರ್ತೀಯೋ?"

ಯಮನಮ್ಮ ಗಂಡನ ಎದುರು ಹೋಗಿ ನಿಂತಳು.

"ನಾ ಹೋಗ್ಲೇನ್ರೀ?"

ಮೌನಪ್ಪನ ಬಾಯಿಯಿಂದ ಮನೆಯಲ್ಲಿ ಬರುವುದು ಒಂದೇ ಮಾತು ಎಂದು ನನಗೆ ಗೊತ್ತಿತ್ತು. ಅವನು "ಹೂಂ" ಎಂದನೋ, ಗಾಡಿ ಹೊರಟಂತೆಯೇ. ಎತ್ತುಗಳೂ ಕಿವಿ ನಿಮಿರಿಸಿದವು. ಮೌನಪ್ಪನ ತುಟಿ ಅಲುಗಿತು.

"ಊಂಹೂಂ" ಎಂದ.

ಯಂಕೋಬ ಟ್ರಂಕನ್ನು ಕೆಳಗಿಳಿಸಿದ. ಯಮನಮ್ಮ ಬುಟ್ಟಿಯಲ್ಲಿ ಉಳಿದಿದ್ದ ಅಡಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಅವನ ಕೈಗಿತ್ತಳು. "ಇದನ್ನ ನಮ್ಮ ಹೊಲಕ್ಕ ಚೆಲ್ಲಣ್ಣ. ನೆತ್ತಿ ಮ್ಯಾಲ ಹೊತ್ತು ಬಂದಾಗ ಕೂಗು. ಇವ್ರು ಇಲ್ಲಿಂದ ಓಗೊಡ್ತಾರ."

ಮಂಜು ಕರಗಿ ಬಿಸಿಲು ಬಂತು. ಹೊತ್ತು ನೆತ್ತಿಗೆ ಬಂದಾಗ ಮತ್ತೆ ಗುಡ್ಡ ಹತ್ತಿದೆವು. ಪಡುವಣಕ್ಕೆ, ಬಯಲಿನಾಚೆ, ಹೊಗೆಯಂಥ ನೀಲಿಯೊಳಗೆ ಕಲ್ಲೂರು ಎಲ್ಲೋ ಇತ್ತು. ಯಮನಮ್ಮ ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಳು. "ಕೂಗಿದ" ಎಂದಳು. ಮೌನಪ್ಪ ಅವಳ ಹೆಗಲ ಮೇಲೆ ಒಂದು ಕೈ ಇಟ್ಟು, ಎದೆ ತುಂಬ ಉಸಿರು ಎಳೆದು, ತನಗೆ ಬರುವ ಒಂದೇ ಓಗೊಡುವಿಕೆಯನ್ನು ಮೂಡಣ ಗಾಳಿಯ ಮೇಲೆ ಬಿಟ್ಟ.

ಅದು ಕಲ್ಲೂರು ಮುಟ್ಟಿತೋ ಇಲ್ಲವೋ ಎಂಬ ಅನುಮಾನವಿದ್ದವರು ಅಲ್ಲಿಯ ಹಿರಿಯರನ್ನು ಕೇಳಿ. ಹೊಲದಲ್ಲಿ ಕೂತು ಕಡುಬು ತಿನ್ನುತ್ತಿದ್ದವರೆಲ್ಲ ದಡಬಡಿಸಿ ಎದ್ದು, ಗಂಟುಮೂಟೆ ಕಟ್ಟಿ, ಕೂಸುಗಳನ್ನು ಕಂಕುಳಿಗೇರಿಸಿಕೊಂಡು, ಜೋಳದ ನಡುವೆ ಸಾಲಾಗಿ ನಿಂತರಂತೆ, ರೈಲಿನಿಂದ ಇಳಿಯುವ ಬಾಗಿಲು ಯಾವ ಕಡೆ ಬರುತ್ತದೆ ಎಂದು ನೋಡುತ್ತ.